ತಂಟೆಯಿಲ್ಲದ ಮಗು

ಫೆಬ್ರವರಿ 10, ಸೋಮವಾರ

ಗ್ರೀಸ್ ಮಾರುವ ಕಂಪನಿಯವರು ಈ ವರ್ಷವೂ ಒಂದು ಡೈರಿ ಕೊಟ್ಟಿದ್ದಾರೆ. ಜನವರಿಯೆಲ್ಲ ಖಾಲಿ ಬಿಟ್ಟಿದ್ದೆ. ಇವತ್ತು ಬರೆಯಲು ಕೂತದ್ದು ಮನೆಯಲ್ಲಿ ಮಾತಿಲ್ಲದ್ದರಿಂದ. ಟೀವಿ ಹಾಕಿದರೆ ಅವಳಿಗೆ ಇನ್ನಷ್ಟು ಸಿಟ್ಟು ಬರಬಹುದು.

ಸಂಜೆ ಬಂದು ಕೈ ತೊಳೆಯುತ್ತಿದ್ದೆ. ಲಿಫ್ಟ್ ರಿಪೇರಿಯವನ ಕೈ ಒಂದು ಸೋಪಿಗೆಲ್ಲ ಬಗ್ಗುವುದಿಲ್ಲ. ಹೆಂಡತಿ ಬಚ್ಚಲ ಬಾಗಿಲಲ್ಲಿ ಬಂದು ನಿಂತಳು. ಅವಳದು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ.

"ನನ್ನನ್ನ ಮೇಲಿನ ಹುದ್ದೆಗೆ ಹಾಕಿದ್ದಾರೆ. ಆದ್ರೆ ಇಲ್ಲಲ್ಲ, ಬೇರೆ ಊರಿನ ಲ್ಯಾಬಿಗೆ. ರೈಲಲ್ಲಿ ಅರ್ಧ ದಿನದ ದಾರಿ."

"ಒಳ್ಳೇದಾಯ್ತಲ್ಲ."

"ಬೇಡ ಅಂದ್ರೂ ನಡೆಯುತ್ತೆ. ಇಲ್ಲೇ ಇರಬಹುದು."

"ಯಾಕೆ ಬೇಡ ಅನ್ನಬೇಕು? ಹೋಗು. ನನ್ನ ಚಿಂತೆ ಬಿಡು. ನಂಗೆ ಅಡುಗೆ ಬರುತ್ತೆ, ಬಟ್ಟೆ ಒಗೆಯೋಕೆ ಬರುತ್ತೆ."

"ಅಷ್ಟೇನಾ?"

"ಇನ್ನೇನು?"

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅಟ್ಟದ ಮೇಲಿನ ಸೂಟ್‌ಕೇಸು ಇಳಿಸಿ, ಕಿರುಗುಡುತ್ತಿದ್ದ ಚಕ್ರಕ್ಕೆ ಎಣ್ಣೆ ಬಿಟ್ಟೆ. ಅವಳು ಹೊರಗೆ ಬಂದಾಗ ಸೂಟ್‌ಕೇಸು ಬುಡಮೇಲಾಗಿತ್ತು, ನಾನು ನೆಲದ ಮೇಲೆ ಕೂತಿದ್ದೆ. ನೋಡಿ ಅತ್ತುಬಿಟ್ಟಳು.

ಮದುವೆಯಾಗಿ ಹನ್ನೊಂದು ವರ್ಷ. ಮಕ್ಕಳಿಲ್ಲ, ಬೇಕು ಎಂದು ಅವಳು ಒಂದೆರಡು ಸಲ ಮೆಲ್ಲಗೆ ಅಂದಿದ್ದಳು, ಬೇಡ ಎಂದು ನಾನೂ ಅನ್ನಲಿಲ್ಲ, ಹಾಗೇ ಹೋಯಿತು. ಎಲ್ಲಿಗೆ ಹೋಗುತ್ತೀ, ಯಾವಾಗ ಬರುತ್ತೀ ಎಂದು ಕೇಳಿದವನಲ್ಲ. ಬೇರೆಯವರು ಹೆಂಡತಿಯ ಕಾಲಿಗೆ ಹಗ್ಗ ಕಟ್ಟುತ್ತಾರೆ. ನಾನು ಚಕ್ರಕ್ಕೆ ಎಣ್ಣೆ ಬಿಟ್ಟೆ. ಅದಕ್ಕೂ ಅಳು.

ಆಯಾಸ. ಮಲಗುತ್ತೇನೆ.

ಫೆಬ್ರವರಿ 12, ಬುಧವಾರ

ತಂಗಿಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ಏಳು ತುಂಬಿ ಎಂಟರಲ್ಲಿದ್ದಾಳೆ. ಹೆರಿಗೆಯಾಗುವ ತನಕ ಹಾಸಿಗೆ ಬಿಟ್ಟು ಏಳಬಾರದಂತೆ. ಅವಳ ಗಂಡ ಹಡಗಿನಲ್ಲಿ ಕೆಲಸ ಮಾಡುವವನು, ಬರುವುದು ಮುಂದಿನ ತಿಂಗಳ ಕೊನೆಗೆ. ಅಮ್ಮ ಆಸ್ಪತ್ರೆಯಲ್ಲೇ ಉಳಿಯುತ್ತಾರೆ. ಹಾಗಾಗಿ ತಂಗಿಯ ಮಗಳು ನಮ್ಮ ಪಾಲಿಗೆ ಬಂದಳು. ನಾಲ್ಕು ವರ್ಷದ ಪುಟಾಣಿ. ಹುಟ್ಟಿದಾಗ ತಲೆ ಉರುಟಾಗಿತ್ತೆಂದು ಅವಳಪ್ಪ ಬಟಾಣಿ ಎಂದು ಕರೆದ. ಅದೇ ನಿಂತುಬಿಟ್ಟಿದೆ.

ಅಮ್ಮ ಕರೆದುಕೊಂಡು ಬಂದರು. ನನ್ನ ಬಳಿ ಒಂದು ಹಳೆಯ ಲಿಫ್ಟಿನ ಗುಂಡಿ ಹಲಗೆ ಇತ್ತು. ಬ್ಯಾಟರಿ ಕೊಟ್ಟರೆ ಅಂಕಿಗಳು ಕೆಂಪಗೆ ಹತ್ತಿಕೊಳ್ಳುತ್ತವೆ. ಬಟಾಣಿ ಅದನ್ನು ಒತ್ತುತ್ತಾ ಕೂತಾಗ ಅಮ್ಮ ನನಗೆ ಕಣ್ಸನ್ನೆ ಮಾಡಿ ಮೆಲ್ಲಗೆ ಜಾರಿಕೊಂಡರು. ಹೇಳಿ ಹೋದರೆ ರಂಪ. ಮಕ್ಕಳ ವಿಷಯದಲ್ಲಿ ಇದೇ ಸರಿಯಾದ ದಾರಿ.

ಸ್ವಲ್ಪ ಹೊತ್ತಿಗೆ ಮಗು ತಲೆಯೆತ್ತಿತು. ಕುರ್ಚಿ ನೋಡಿತು. ಬಾಗಿಲ ಬಳಿ ಅಜ್ಜಿಯ ಚಪ್ಪಲಿ ಇದ್ದ ಜಾಗ ನೋಡಿತು. ಮತ್ತೆ ಬಗ್ಗಿ ಗುಂಡಿ ಒತ್ತಿತು. ಒಂದು ಹನಿ ಕಣ್ಣೀರಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ. "ಅಳಲೇ ಇಲ್ಲ ಅಮ್ಮ. ನೀವು ನಿಶ್ಚಿಂತೆಯಿಂದಿರಿ."

"ನಿನ್ನ ಹಾಗೇ ಕಣೋ. ನೀನೂ ಅಳ್ತಿರಲಿಲ್ಲ," ಅಂದರು.

ಫೋನ್ ಇಟ್ಟ ಮೇಲೆ ಹೆಂಡತಿ, "ನಾನು ನನ್ನಮ್ಮನ್ನ 'ನೀನು' ಅಂತೀನಿ. ನಿನ್ನ ತಂಗಿನೂ ಅವರನ್ನ 'ನೀನು' ಅಂತಾಳೆ. ನಿಂಗೊಬ್ಬನಿಗೇನು ಅವರು ಹೆಡ್‌ಮೇಡಮ್ಮಾ?" ಅಂದಳು.

ಗೌರವ ಎಂದೆ. ಅವಳು ಮಗುವಿಗೆ ಹಾಲು ಕಾಯಿಸಲು ಹೋದಳು.

ಫೆಬ್ರವರಿ 16, ಭಾನುವಾರ

ಮಗು ಎಂದರೆ ಹೀಗಿರಬೇಕು. ಕೂರಿಸಿದಲ್ಲಿ ಕೂರುತ್ತದೆ, ಕೊಟ್ಟಿದ್ದು ತಿನ್ನುತ್ತದೆ. ಬೆಳಿಗ್ಗೆ ಎಚ್ಚರವಾದರೂ ನಾವು ಹೋಗಿ ನೋಡುವ ತನಕ ಕಣ್ಣು ಬಿಟ್ಟುಕೊಂಡು ಮಲಗಿರುತ್ತದೆ. ಒಂದೇ ವಿಚಿತ್ರ, ಬೂಟುಗಳನ್ನು ದಿಂಬಿನ ಪಕ್ಕದಲ್ಲಿ ಜೋಡಿಸಿ ಇಟ್ಟುಕೊಂಡೇ ಮಲಗುವುದು. ತೆಗೆದಿಟ್ಟರೆ ಎದ್ದು ಮತ್ತೆ ತಂದಿಟ್ಟುಕೊಳ್ಳುತ್ತದೆ.

ಹಗಲು ಕೆಳಮನೆಯ ಟೀಚರಮ್ಮ ನೋಡಿಕೊಳ್ಳುತ್ತಾರೆ. ಶಿಶುವಿಹಾರದಲ್ಲಿ ಪಾಠ ಹೇಳಿ ನಿವೃತ್ತರಾದವರು. ಮಂಡಿನೋವು, ಬಾಯಿ ಮಾತ್ರ ಗಟ್ಟಿ. "ನಿಮ್ಮ ಹುಡುಗಿ ತಂಟೆನೇ ಮಾಡಲ್ಲ ಕಣ್ರೀ," ಅಂದರು. ಹೊಗಳಿದರೆಂದು ಥ್ಯಾಂಕ್ಸ್ ಹೇಳಿದೆ. "ಥ್ಯಾಂಕ್ಸ್ ಬೇಡ. ನಂಗೆ ಅಂಥ ಮಕ್ಕಳನ್ನ ಕಂಡ್ರೆ ಭಯ," ಅಂದರು.

ಫೆಬ್ರವರಿ 19, ಬುಧವಾರ

ಹೆಂಡತಿ ಬಟಾಣಿಗೆ ಸ್ನಾನ ಮಾಡಿಸಲು ಹೋದಾಗ ಚಡ್ಡಿ ಮಂಡಿಗೆ ಅಂಟಿಕೊಂಡಿತ್ತು. ಗಾಯ, ರಕ್ತ ಒಣಗಿ ಕಪ್ಪಾಗಿತ್ತು.

"ಯಾವಾಗ ಬಿದ್ದೆ ಪುಟ್ಟಾ?"

"ನಿನ್ನೆ."

"ಅಯ್ಯೋ, ಯಾಕೆ ಹೇಳ್ಲಿಲ್ಲ?"

"ಒಣಗುತ್ತೆ, ಅತ್ತೆ."

ನನಗೆ ನಗು ಬಂತು. ದೊಡ್ಡವರ ಹಾಗೆ ಮಾತಾಡುತ್ತದೆ. ಹೆಂಡತಿ ನಗಲಿಲ್ಲ. "ಈ ಮನೇಲಿ ಈಗ ಇಬ್ಬರಾದ್ರು," ಅಂದಳು.

ನನ್ನ ಬೆರಳಿನ ಮಾತು ಅದು. ಎರಡು ವರ್ಷದ ಹಿಂದೆ ಮೆಷಿನ್ ರೂಮಿನಲ್ಲಿ ಕೆಲಸ ಮಾಡುವಾಗ ಬೆರಳು ಜಜ್ಜಿತ್ತು. ನಾನೇ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದೆ. ಅವಳಿಗೆ ಗೊತ್ತಾದದ್ದು ಮಾರನೆಯ ದಿನ, ಬ್ಯಾಂಡೇಜ್ ಕಂಡಾಗ. ಆಗ ಎರಡು ದಿನ ಮಾತು ಬಿಟ್ಟಿದ್ದಳು. ತೊಂದರೆ ಕೊಟ್ಟರೆ ಸಿಟ್ಟಾಗುವವರನ್ನು ನೋಡಿದ್ದೇನೆ, ಕೊಡದಿದ್ದರೆ ಸಿಟ್ಟಾಗುವವಳು ಇವಳೊಬ್ಬಳೇ.

ಫೆಬ್ರವರಿ 25, ಮಂಗಳವಾರ

ಎರಡು ಬ್ರೇಕ್‌ಡೌನ್, ಒಂದು ಸಿಕ್ಕಿಹಾಕಿಕೊಂಡ ಕೇಸು. ಒಳಗಿದ್ದವನು ಬಾಗಿಲು ಬಡಿಯುತ್ತಾ ಅರಚುತ್ತಿದ್ದ. ಹೊರಗಿನಿಂದ ಮಾತಾಡಿಸುತ್ತಾ ಇದ್ದೆ. ನನ್ನ ದನಿ ಕೇಳಿದರೆ ಜನಕ್ಕೆ ಧೈರ್ಯ ಬರುತ್ತದಂತೆ. ಸೂಪರ್‌ವೈಸರ್ ಯಾವಾಗಲೂ ಹೇಳುತ್ತಾರೆ, "ಇವನು ತಲೆ ಮೇಲೆ ತಲೆ ಬಿದ್ದರೂ ಅಲ್ಲಾಡೋನಲ್ಲ."

ಬೆನ್ನು ನೋವು. ಮನೆಯಲ್ಲಿ ಸೂಟ್‌ಕೇಸು ತುಂಬುತ್ತಿದೆ.

ಮಾರ್ಚ್ 2, ಭಾನುವಾರ

ಅವಳು ಹೊರಟಳು.

ಬಟಾಣಿಯನ್ನು ಟೀಚರಮ್ಮನ ಮನೆಗೆ ಕಳಿಸಿ ಆಮೇಲೆ ಹೊರಡು ಎಂದೆ. "ಕದ್ದು ಹೋಗೋಕೆ ನಾನೇನು ಕಳ್ಳಿನಾ?" ಎಂದು ರೇಗಿದಳು. ಮಗುವಿನ ಮುಂದೆ ನೆಲದ ಮೇಲೆ ಕೂತು, ಅತ್ತೆ ಕೆಲಸಕ್ಕೆ ದೂರದ ಊರಿಗೆ ಹೋಗುತ್ತಾಳೆ, ದಿನಾ ಸಂಜೆ ಫೋನ್ ಮಾಡುತ್ತಾಳೆ ಎಂದು ಹೇಳಿದಳು. ಮಗು ತಲೆಯಾಡಿಸಿತು. ಅಮ್ಮನ ವಾರ್ಡಿಗೆ ಮಕ್ಕಳನ್ನು ಬಿಡುವುದಿಲ್ಲ ಎಂದಾಗಲೂ ಹೀಗೇ ತಲೆಯಾಡಿಸಿತ್ತು.

ನಿಲ್ದಾಣದಲ್ಲಿ ಅವಳು ಕಿಟಕಿಯ ಪಕ್ಕ ಕೂತು ಕೇಳಿದಳು. "ಏನಾದ್ರೂ ಹೇಳೋದಿದೆಯಾ?"

"ನೀರಿನ ಬಾಟಲಿ ಇಟ್ಕೊಂಡ್ಯಾ?"

ಅವಳು ಜಗಳದ ದನಿಯಲ್ಲಲ್ಲ, ದಣಿದ ದನಿಯಲ್ಲಿ ಹೇಳಿದಳು. "ಇಷ್ಟು ವರ್ಷ ನಿನ್ನ ಮನೆ ಹೊಸ್ತಿಲ ಮೇಲೇ ನಿಂತ ಹಾಗಿದೆ ಕಣೋ. ನೀನು ಒಳಗೆ ಬಾ ಅಂತಾನೂ ಅನ್ನಲ್ಲ, ಆಚೆ ಹೋಗು ಅಂತಾನೂ ಅನ್ನಲ್ಲ. ಕಾಲು ನೋಯುತ್ತೆ. ಅಲ್ಲಿ ಹೋಗಿ ಯೋಚನೆ ಮಾಡ್ತೀನಿ, ವಾಪಸ್ ಬರಬೇಕಾ ಬೇಡ್ವಾ ಅಂತ."

"ಸರಿ, ನಿಧಾನವಾಗಿ ಯೋಚನೆ ಮಾಡು," ಎಂದೆ.

ರೈಲು ಹೊರಡುವ ಮೊದಲೇ ಬಂದುಬಿಟ್ಟೆ. ಬಟಾಣಿ ಟೀಚರಮ್ಮನ ಜಗಲಿಯಲ್ಲಿ ಬೂಟು ಹಾಕಿಕೊಂಡು ಕೂತಿತ್ತು.

ಮಾರ್ಚ್ 6, ಗುರುವಾರ

ಬೆಳಗಿನ ಜಡೆ ದೊಡ್ಡ ಕೆಲಸ. ಉಕ್ಕಿನ ಹಗ್ಗ ಜೋಡಿಸುವ ಕೈಗೆ ಗೇಣುದ್ದ ಕೂದಲು ಸಿಗುವುದಿಲ್ಲ. ಇವತ್ತು ಸಿಕ್ಕು ಬಿಡಿಸುವಾಗ ಕನ್ನಡಿಯ ಮೇಲೆ ಕಣ್ಣು ಬಿತ್ತು. ಮಗುವಿನ ಕಣ್ಣು ತುಂಬಿತ್ತು, ತುಟಿ ಮಾತ್ರ ಬಿಗಿಯಾಗಿ ಮುಚ್ಚಿತ್ತು.

"ನೋಯ್ತಾ ಇದೆಯಾ?"

"ಇಲ್ಲ."

"ಕಣ್ಣಲ್ಲಿ ನೀರು ಬರ್ತಿದೆಯಲ್ಲ?"

"ಅಜ್ಜಿ ಹೇಳಿದ್ದಾರೆ, ತಂಟೆ ಮಾಡಬಾರದು ಅಂತ. ತಂಟೆ ಮಾಡಿದ್ರೆ ಮಾಮ ಕಳಿಸಿಬಿಡ್ತಾನೆ."

"ಎಲ್ಲಿಗೆ?"

"ಗೊತ್ತಿಲ್ಲ."

ಬಾಚಣಿಗೆ ಕೆಳಗಿಟ್ಟೆ. ಯಾಕೋ ಕೈ ಮುಂದುವರಿಯಲಿಲ್ಲ. ನಾನು ಎಲ್ಲಿಗೂ ಕಳಿಸುವುದಿಲ್ಲ, ನೋವಾದರೆ ಹೇಳು ಎಂದೆ. ತಲೆಯಾಡಿಸಿತು. ಈ ತಲೆಯಾಡಿಸುವುದನ್ನು ಈಗ ನಾನೂ ನಂಬುವುದಿಲ್ಲ.

ಚಿಕ್ಕವನಿದ್ದಾಗ ಯಾರ ಮನೆಗೆ ಹೋದರೂ ನನಗೂ ಇದೇ ಮಾತು ಹೇಳುತ್ತಿದ್ದರು. ಮೂರು ವರ್ಷದವನಾಗಿದ್ದಾಗ ಅಮ್ಮನಿಗೆ ಕ್ಷಯ. ಅವರು ದೂರದ ಆರೋಗ್ಯಧಾಮದಲ್ಲಿ, ನಾನು ಮೊದಲು ಸೋದರತ್ತೆಯ ಮನೆಯಲ್ಲಿ, ಆಮೇಲೆ ದೊಡ್ಡಪ್ಪನ ಮನೆಯಲ್ಲಿ, ಕೊನೆಗೆ ಅಪ್ಪನ ಸ್ನೇಹಿತರೊಬ್ಬರ ಮನೆಯಲ್ಲಿ. ಎಲ್ಲರೂ ಒಳ್ಳೆಯವರೇ. ಯಾರೂ ಬಯ್ದದ್ದಿಲ್ಲ. ಅಮ್ಮ ಗುಣವಾಗಿ ಬಂದು ಕರೆದುಕೊಂಡು ಹೋದ ಮೇಲೆ ತಂಗಿ ಹುಟ್ಟಿದಳು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ. ಒಂದೇ ಜಡೆ ಹಾಕಿ ಕಳಿಸಿದೆ, ಅದೂ ಸೊಟ್ಟ.

ಮಾರ್ಚ್ 11, ಮಂಗಳವಾರ

ಎಲ್ಲ ಕೆಟ್ಟುಹೋಯಿತು.

ಬೇಗ ಬರುತ್ತೇನೆ, ಆಟದ ಮೈದಾನಕ್ಕೆ ಹೋಗೋಣ ಎಂದು ಬೆಳಿಗ್ಗೆ ಮಗುವಿಗೆ ಹೇಳಿದ್ದೆ. ಹೊರಡುವ ಹೊತ್ತಿಗೆ ಫೋನ್. ಒಬ್ಬ ಮುದುಕಿ ಎರಡು ಮಹಡಿಯ ನಡುವೆ ಸಿಕ್ಕಿಕೊಂಡಿದ್ದರು, ಉಸಿರಾಟದ ತೊಂದರೆ ಬೇರೆ. ಬಿಟ್ಟು ಬರುವುದು ಹೇಗೆ? ಅವರನ್ನು ಹೊರಗೆ ತಂದು, ಆಂಬುಲೆನ್ಸ್‌ಗೆ ಹತ್ತಿಸಿ ಬರುವಾಗ ಬೀದಿದೀಪ ಹತ್ತಿತ್ತು.

ಟೀಚರಮ್ಮನ ಬಾಗಿಲಲ್ಲಿ ಬಟಾಣಿ ನನ್ನನ್ನು ನೋಡಿತು. ಆಮೇಲೆ ಓಡಿ ಬಂದು ಎರಡೂ ಕೈಯಲ್ಲಿ ಹೊಡೆಯತೊಡಗಿತು. "ನೀನು ಬರ್ತೀನಿ ಅಂದಿದ್ದೆ! ನೀನು ಬರ್ತೀನಿ ಅಂದಿದ್ದೆ!" ಎತ್ತಿಕೊಳ್ಳಲು ಹೋದರೆ ತೋಳು ಕಚ್ಚಿತು. ಹಲ್ಲಿನ ಗುರುತು ಮೂಡಿದೆ. ಮೆಟ್ಟಿಲ ತುಂಬಾ ಕೂಗು. ಮೇಲಿನ ಮನೆಯವರು ಬಾಗಿಲು ತೆಗೆದು ನೋಡಿದರು. ಒಳಗೆ ಬಂದ ಮೇಲೂ ನಿಲ್ಲಲಿಲ್ಲ. ಅಮ್ಮಾ ಎಂದು ಅತ್ತಿತು, ಅಪ್ಪಾ ಎಂದು ಅತ್ತಿತು, ಅತ್ತೆ ಎಂದೂ ಅತ್ತಿತು. ಇಷ್ಟು ದಿನದ್ದೆಲ್ಲ ಒಟ್ಟಿಗೇ ಬಂತು. ಏನು ಮಾಡಬೇಕೆಂದು ತಿಳಿಯದೆ ಹೆಗಲ ಮೇಲೆ ಹಾಕಿಕೊಂಡು ಹಾಲ್‌ನಲ್ಲಿ ತಿರುಗಿದೆ. ಅಂಗಿ ಪೂರ್ತಿ ಒದ್ದೆ. ಅತ್ತು ಅತ್ತು ಹೆಗಲ ಮೇಲೇ ನಿದ್ದೆ ಹೋಯಿತು. ಬೂಟುಗಳು ಕೆಳಮನೆಯಲ್ಲೇ ಉಳಿದವು.

ಮುತ್ತಿನಂಥ ಮಗುವನ್ನು ಒಂದು ತಿಂಗಳೊಳಗೆ ಹಾಳು ಮಾಡಿದೆ. ತಂಗಿಗೆ ಏನು ಹೇಳಲಿ?

ಮಾರ್ಚ್ 12, ಬುಧವಾರ

ತೋಳು ನೋಡಿ ಟೀಚರಮ್ಮ ನಕ್ಕರು. "ಚೆನ್ನಾಗಿ ಕಚ್ಚಿದಾಳೆ!"

"ನೀವು ನಗ್ತೀರಿ. ಬಂದಾಗ ಎಷ್ಟು ಜಾಣೆಯಾಗಿದ್ಲು."

"ಜಾಣತನ ಅಲ್ಲ ಕಣ್ರೀ ಅದು. ಯಾರೂ ಬರಲ್ಲ ಅಂತ ಗೊತ್ತಿರೋ ಮಗು ಯಾಕೆ ಅಳುತ್ತೆ? ಕೇಳಿಸಿಕೊಳ್ಳೋರು ಇದ್ರೆ ತಾನೇ ಅಳು? ನಿನ್ನೆ ನಿಮ್ಮನ್ನ ಕಚ್ಚಿದ್ಲು ಅಂದ್ರೆ, ನೀವು ಬಂದೇ ಬರ್ತೀರಿ ಅಂತ ಕಾದಿದ್ಲು. ಅಂಥವರ ಮೇಲೇ ಸಿಟ್ಟು ಬರೋದು. ದಾರೀಲಿ ಹೋಗೋರ ಮೇಲೆ ಯಾರಿಗ್ರೀ ಸಿಟ್ಟು ಬರುತ್ತೆ?"

ಪಾಪ, ಟೀಚರಮ್ಮನಿಗೆ ವಯಸ್ಸಾಯಿತು. ಕಚ್ಚಿಸಿಕೊಂಡದ್ದು ನಾನು, ಮಾತು ಅವರದು.

ಆದರೂ ಮಧ್ಯಾಹ್ನ ಸೂಪರ್‌ವೈಸರ್ ಹತ್ತಿರ ಹೋಗಿ, ಈ ತಿಂಗಳು ಸಂಜೆ ಐದರ ಮೇಲೆ ನನ್ನನ್ನು ಕರೆಯಬೇಡಿ ಎಂದೆ. ಅವರು ಕನ್ನಡಕ ತೆಗೆದು ನೋಡಿದರು. "ಇಷ್ಟು ವರ್ಷದಲ್ಲಿ ನೀನು ನನ್ನ ಹತ್ರ ಏನೂ ಕೇಳಿದ್ದೇ ಇಲ್ಲವಲ್ಲಯ್ಯ!" ಎಂದು ಒಪ್ಪಿದರು. ಕಿವಿ ಬಿಸಿಯಾಗಿತ್ತು. ಇನ್ನೊಬ್ಬರ ಮುಂದೆ ಕೈಯೊಡ್ಡುವುದು ನನ್ನಿಂದಾಗದ ಕೆಲಸ.

ಮಾರ್ಚ್ 16, ಭಾನುವಾರ

ಆಸ್ಪತ್ರೆಯವರು ಇವತ್ತು ಕರುಣೆ ತೋರಿ ತಂಗಿಯನ್ನು ಗಾಲಿಕುರ್ಚಿಯಲ್ಲಿ ಹೊರಗಿನ ಹಾಲ್‌ಗೆ ತಂದರು. ಬಟಾಣಿ ಮೊದಲು ದೂರ ನಿಂತು, ಆಮೇಲೆ ಅಮ್ಮನ ತೊಡೆಗೆ ಮುಖ ಒತ್ತಿ ನಿಂತುಬಿಟ್ಟಿತು. ತಂಗಿ ಅದರ ಸೊಟ್ಟ ಜಡೆ ನೋಡಿ ನಕ್ಕಳು, ಅತ್ತಳು.

ಒಳಗೆ ಹೋಗುವ ಹೊತ್ತಾಯಿತು. ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲಿ ಮೀನಿನ ತೊಟ್ಟಿ ಇದೆ ನೋಡು. ಅವಳನ್ನ ಅತ್ತ ಕರ್ಕೊಂಡು ಹೋಗಿ ಮೀನು ತೋರಿಸು. ಅಷ್ಟರಲ್ಲಿ ನಾವು ಒಳಗೆ ಹೋಗಿಬಿಡ್ತೀವಿ," ಅಂದರು. "ನೀನೂ ಹಾಗೇ ಬಕೆಟ್‌ನಲ್ಲಿ ಡಬ್ಬಿ ತೇಲಿಸ್ತಾ ಇದ್ದೆ. ನಾನು ಹಿತ್ತಿಲ ಬಾಗಿಲಿಂದ ಬಂದ್ಬಿಟ್ಟೆ. ನಿಮ್ಮತ್ತೆ ಆಮೇಲೆ ಹೇಳಿದ್ಲು, ನೀನು ಸುತ್ತಮುತ್ತ ನೋಡಿ ಮತ್ತೆ ಡಬ್ಬಿ ತೇಲಿಸಿದೆ ಅಂತ."

ಈ ಕಥೆ ನೂರು ಸಲ ಕೇಳಿದ್ದೇನೆ. ಬಕೆಟ್ ಮಾತ್ರ ಇವತ್ತು ಮೊದಲ ಸಲ. ನನಗೆ ಏನಾಯಿತೋ.

"ಬೇಡ! ಹಾಗೆ ಮಾಡಬೇಡ. ಅವಳಿಗೆ ಹೇಳಿ ಹೋಗು. ಅತ್ತರೆ ಅಳಲಿ. ನೀನು ಅವಳ ಮುಖ ನೋಡಿ ಹೇಳು, ಆಮೇಲೆ ಹೋಗು!"

ದನಿ ಜೋರಾಯಿತು. ನರ್ಸ್ ತಿರುಗಿ ನೋಡಿದಳು. ಅಮ್ಮ ಯಾಕೋ ನನ್ನನ್ನೇ ನೋಡುತ್ತಾ ನಿಂತರು. ಕಣ್ಣು ತುಂಬಿಕೊಂಡಿತ್ತು, ಆಸ್ಪತ್ರೆಯ ಔಷಧಿ ವಾಸನೆ ಅವರಿಗೆ ಮೊದಲಿಂದ ಆಗುವುದಿಲ್ಲ. ಆಮೇಲೆ ಬಟಾಣಿಯ ಮುಂದೆ ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕೂತು, ಅಮ್ಮನೂ ಅಜ್ಜಿಯೂ ಈಗ ಒಳಗೆ ಹೋಗುತ್ತೇವೆ ಎಂದು ಹೇಳಿದರು. ಮಗು ಹಾಲ್ ಕಿತ್ತುಹೋಗುವಂತೆ ಅತ್ತಿತು. ಎತ್ತಿಕೊಂಡು ಬಂದೆ.

ಹೊರಡುವಾಗ ಅಮ್ಮ ನನ್ನ ತಲೆ ಮುಟ್ಟಿದರು. "ಆಗ ನಂಗೆ ಧೈರ್ಯ ಇರಲಿಲ್ಲ ಕಣೋ. ಮುಟ್ಟಬೇಡ ಅಂದಿದ್ರು ಡಾಕ್ಟ್ರು. ನೀನು ಅತ್ತಿದ್ರೆ ನಾನು ಮುಟ್ಟಿಬಿಡ್ತಿದ್ದೆ."

ಯಾವುದರ ಬಗ್ಗೆ ಎಂದು ಕೇಳಲಿಲ್ಲ. ಬಸ್ಸು ಬಂತು. ಹಿರಿಯರ ಮೇಲೆ ರೇಗಬಾರದಿತ್ತು. ಈಚೆಗೆ ನನ್ನ ತಾಳ್ಮೆ ಕೆಟ್ಟಿದೆ.

ಮಾರ್ಚ್ 21, ಶುಕ್ರವಾರ

ಹಾಲು ಬಿಸಿಯಾದರೆ ಅಳು, ಆರಿದರೆ ಅಳು. ನೀಲಿ ಲೋಟ ಬೇಕು, ಕೊಟ್ಟರೆ ಬೇಡ. ಬಾಳೆಹಣ್ಣು ಮುರಿದು ಕೊಟ್ಟಿದ್ದಕ್ಕೆ ನೆಲದ ಮೇಲೆ ಉರುಳಾಟ, ಮತ್ತೆ ಜೋಡಿಸು ಎಂಬ ಹಟ. ಬೇಸ್‌ಮೆಂಟಿನಿಂದ ಮೇಲಿನ ಮಹಡಿವರೆಗೆ ಲಿಫ್ಟ್ ಜೋಡಿಸುವವನಿಗೆ ಒಂದು ಬಾಳೆಹಣ್ಣು ಜೋಡಿಸಲು ಬರುವುದಿಲ್ಲವೇ ಎಂಬಂತೆ ನೋಡುತ್ತದೆ. ರಾತ್ರಿ ಬೂಟು ಎಲ್ಲಿವೆ ಎಂದು ಕೇಳುವುದನ್ನೂ ಮರೆತಿದೆ, ಕೈಗೆ ಸಿಕ್ಕಲ್ಲಿ ಎಸೆಯುತ್ತದೆ. ನಾನೇ ಎಡವುತ್ತೇನೆ.

ಸಂಜೆ ಹೆಂಡತಿಯ ಫೋನ್. ಬಟಾಣಿ ಮಾತಾಡಿದ ಮೇಲೆ ನನ್ನ ಸರದಿ. ಸಾಮಾನ್ಯವಾಗಿ ಎಲ್ಲ ಸರಿ, ಊಟ ಆಯಿತು ಎನ್ನುತ್ತೇನೆ. ಇವತ್ತು ತಡೆಯಲಾಗಲಿಲ್ಲ. ಬಾಳೆಹಣ್ಣಿನಿಂದ ಹಿಡಿದು ಬೆನ್ನು ನೋವಿನವರೆಗೆ ಎಲ್ಲ ಗೋಳು ಹೇಳಿಕೊಂಡೆ. ಸಾಕಾಗಿದೆ ಕಣೇ ಎಂದೆ. ಅವಳ ಕಡೆ ಸದ್ದೇ ಇಲ್ಲ.

"ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ಇನ್ನೂ ಹೇಳು."

"ಇನ್ನೇನು ಹೇಳಲಿ? ನಿಂಗೂ ಅಲ್ಲಿ ಸಾವಿರ ಕೆಲಸ."

"ಇರ್ಲಿ. ಹೇಳು."

ಇನ್ನೊಬ್ಬರ ಸಂಕಟ ಕೇಳುವುದರಲ್ಲಿ ಅವಳಿಗೆ ಅದೇನು ಖುಷಿಯೋ.

ಮಾರ್ಚ್ 30, ಭಾನುವಾರ

ತಂಗಿಗೆ ಸೋಮವಾರ ಹೆಣ್ಣುಮಗು ಹುಟ್ಟಿತು. ಇಬ್ಬರೂ ಕ್ಷೇಮ. ಭಾವ ಹಡಗಿನಿಂದ ಬಂದಿಳಿದ. ಇವತ್ತು ಬಟಾಣಿಯನ್ನು ಕರೆದುಕೊಂಡು ಹೋದರು.

ಅಪ್ಪನನ್ನು ಕಂಡು ಕುಣಿಯಿತು. ಬ್ಯಾಗು ತುಂಬುವಾಗಲೂ ಸರಿಯಿತ್ತು. ಬಾಗಿಲಿಗೆ ಬಂದಾಗ ನಾನು ಬೂಟು ಹಾಕಿಕೊಳ್ಳದೆ ನಿಂತದ್ದು ಕಂಡು, "ಮಾಮನ ಬೂಟು?" ಎಂದು ಕೇಳಿತು. ಮಾಮ ಬರುವುದಿಲ್ಲ ಎಂದು ತಿಳಿದದ್ದೇ ತಡ, ನನ್ನ ಕಾಲು ಹಿಡಿದುಕೊಂಡು ಕೂಗತೊಡಗಿತು. ಭಾವ ಪಾಪ ಮುಜುಗರದಿಂದ, "ಬಟಾಣಿ, ಅಲ್ಲಿ ನೋಡು, ಬೆಕ್ಕು!" ಎಂದ.

"ಬೆಕ್ಕು ಇಲ್ಲ ಭಾವ. ಸುಳ್ಳು ಹೇಳಬೇಡಿ," ಎಂದೆ.

ನೆಲದ ಮೇಲೆ ಕೂತೆ. "ನೀನು ಅಪ್ಪನ ಜೊತೆ ಮನೆಗೆ ಹೋಗ್ತೀಯ. ನಾನು ಇಲ್ಲಿ ಇರ್ತೀನಿ. ಭಾನುವಾರ ನಿಮ್ಮನೆಗೆ ಬರ್ತೀನಿ. ನಂಗೂ ಬೇಜಾರಾಗ್ತಿದೆ."

"ನೀನೂ ಅಳು," ಅಂದಿತು.

ನನ್ನಮ್ಮ ಮೆಟ್ಟಿಲ ಬಳಿ ನಿಂತಿದ್ದಳು. ಏನೂ ಅವಸರ ಮಾಡಲಿಲ್ಲ, ಅಳುವಷ್ಟು ಅತ್ತು ಮುಗಿಸಲಿ ಎಂದು ಕಾದಳು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಮಗುವಿನ ದನಿ ಕೇಳುತ್ತಿತ್ತು. ಟೀಚರಮ್ಮ ನನಗೆ ಒಂದು ಲೋಟ ನೀರು ಕೊಟ್ಟರು. ಮುಖಕ್ಕೆ ಹಾಕಿಕೊಳ್ಳಲೋ ಕುಡಿಯಲೋ ಎಂದು ಹೇಳಲಿಲ್ಲ.

ಏಪ್ರಿಲ್ 1, ಮಂಗಳವಾರ

ಮನೆ ಚೊಕ್ಕಟವಾಗಿದೆ. ಇಟ್ಟ ವಸ್ತು ಇಟ್ಟಲ್ಲೇ ಇದೆ. ಒಂದು ಲೋಟ ತೊಳೆದರೆ ಕೆಲಸ ಮುಗಿಯಿತು. ಮೊದಲೂ ಹೀಗೇ ಇರುತ್ತಿತ್ತು, ಚೆನ್ನಾಗಿತ್ತು. ಈಗ ಕುರ್ಚಿಗಳೆಲ್ಲ ನನ್ನನ್ನು ನೋಡುತ್ತವೆ.

ಏಪ್ರಿಲ್ 3, ಗುರುವಾರ

ಜ್ವರ. ಗಂಟಲು ಕೆಂಡ. ಕೆಲಸಕ್ಕೆ ಹೋಗಲಿಲ್ಲ.

ಮಧ್ಯಾಹ್ನ ಅವಳು ಫೋನ್ ಮಾಡಿದಾಗ ದನಿಯಿಂದಲೇ ಹಿಡಿದಳು. "ಜೋರಾಗಿದೆಯಾ?"

"ಅಷ್ಟೇನಿಲ್ಲ. ಮಾತ್ರೆ ತಗೊಂಡಿದ್ದೀನಿ."

"ಸರಿ," ಅಂದಳು. ಇಟ್ಟಳು.

ಮಲಗಿ ಗೋಡೆ ನೋಡಿದೆ. ಬಹಳ ಹೊತ್ತು. ಆಮೇಲೆ ನಾನೇ ಮತ್ತೆ ಫೋನ್ ಮಾಡಿದೆ.

"ಬಾ," ಎಂದೆ.

"ಏನಾಯ್ತು? ಜ್ವರ ಏರಿತಾ?"

"ಇಲ್ಲ. ಸುಮ್ನೆ ಬಾ."

"ಶನಿವಾರ ಬರ್ತೀನಿ ಕಣೋ. ಇಲ್ಲಿ ನಾಳೆ ತಪಾಸಣೆಗೆ ಬರ್ತಿದ್ದಾರೆ, ನಾನಿಲ್ಲದೆ..."

"ಶನಿವಾರ ಯಾರಿಗೆ ಬೇಕು? ನಂಗೆ ಹುಷಾರಿಲ್ಲದೆ ಇರೋದು ಇವತ್ತು. ನೀನು ಹೋಗಿ ಒಂದು ತಿಂಗಳಾಯ್ತು, ಯೋಚನೆ ಮಾಡ್ತೀನಿ ಅಂದೆ, ಏನು ಯೋಚನೆ ಮಾಡಿದೆ ಅಂತ ಇವತ್ತಿನ ತನಕ ಹೇಳಿಲ್ಲ. ನಾನೇನು ಕಲ್ಲಾ?"

ಅರಚಿದೆ. ಗಂಟಲು ಹರಿದುಹೋಯಿತು. ಫೋನ್ ಕಟ್ ಮಾಡಿದೆ.

ಜ್ವರದಲ್ಲಿ ಮನುಷ್ಯ ಏನೇನೋ ಮಾತಾಡುತ್ತಾನೆ. ಹನ್ನೊಂದು ವರ್ಷ ಉಳಿಸಿಕೊಂಡು ಬಂದ ಮರ್ಯಾದೆ ಒಂದು ಫೋನಿನಲ್ಲಿ ಹೋಯಿತು. ಇನ್ನು ಅವಳು ಬರುವುದಿಲ್ಲ.

ಏಪ್ರಿಲ್ 4, ಶುಕ್ರವಾರ

ಬೆಳಿಗ್ಗೆ ಕಣ್ಣು ಬಿಟ್ಟಾಗ ಹಣೆಯ ಮೇಲೆ ಒದ್ದೆ ಬಟ್ಟೆ ಇತ್ತು. ಅವಳು ಕುರ್ಚಿಯಲ್ಲಿ ಪ್ರಯಾಣದ ಬಟ್ಟೆಯಲ್ಲೇ ಕೂತು ತೂಕಡಿಸುತ್ತಿದ್ದಳು.

"ತಪಾಸಣೆ?"

"ಬೇರೆಯವರು ನೋಡ್ಕೊಳ್ತಾರೆ. ಬಾಯಿ ಮುಚ್ಕೊಂಡು ಮಲಗು."

ನಿನ್ನೆ ಮಾತಾಡಿದ್ದಕ್ಕೆ ಕ್ಷಮಿಸು ಎಂದೆ. ಕ್ಷಮೆ ಕೇಳಿದರೆ ಈಗಲೇ ವಾಪಸ್ ಹೋಗುತ್ತೇನೆ ಎಂದಳು. ಅವಳ ತರ್ಕ ನನಗೆ ಯಾವತ್ತೂ ಹತ್ತಿಲ್ಲ. ಗಂಜಿ ಕುಡಿಸುತ್ತೇನೆ ಎಂದಳು. ನಾನೇ ಕುಡಿಯಬಹುದಿತ್ತು, ಕೈಯಲ್ಲಿ ಅಷ್ಟು ಶಕ್ತಿ ಇತ್ತು. ಕುಡಿಸಿದಳು. ಸುಮ್ಮನಿದ್ದೆ. ಅಡುಗೆಮನೆಯಲ್ಲಿ ಏನೋ ಗುನುಗುತ್ತಾ ಪಾತ್ರೆ ಬೀಳಿಸಿದಳು. ಮತ್ತೆ ನಿದ್ದೆ ಬಂತು.

ಏಪ್ರಿಲ್ 7, ಸೋಮವಾರ

ಜ್ವರ ಬಿಟ್ಟಿದೆ, ಕಾಲಿನಲ್ಲಿ ಬಲವಿಲ್ಲ. ಬೇಡ ಎಂದರೂ ನಿಲ್ದಾಣದವರೆಗೆ ಹೋದೆ. ನಿನ್ನೆ ಬಟಾಣಿಯ ಮನೆಗೆ ಹೋಗಲಾಗಲಿಲ್ಲ. ಫೋನಿನಲ್ಲಿ ಹೇಳಿದಾಗ ಚೆನ್ನಾಗಿ ಬಯ್ದಿತು. ಅದನ್ನೇ ಮಾತಾಡಿಕೊಂಡು ನಡೆದೆವು.

ಅವಳು ರೈಲು ಹತ್ತಿ ಕಿಟಕಿಯಿಂದ ಬಗ್ಗಿ, "ಸರಿ, ಹೊರಡಲಾ?" ಎಂದು ಕೇಳಿದಳು.

"ಬೇಡ."

"ಏನು?"

"ಬೇಡ ಅಂದೆ. ಹೋಗಬೇಕು ಅಂತ ಗೊತ್ತು, ಹೋಗು. ಆದ್ರೆ ನಂಗೆ ಇಷ್ಟ ಇಲ್ಲ."

ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. "ಶನಿವಾರ ಬರ್ತೀನಿ," ಅಂದಳು.

"ಶುಕ್ರವಾರ ಸಂಜೆ ಬಾ."

"ರಜೆ ಎಲ್ಲ ಮುಗಿಸ್ಕೊಂಡೆ ನಿನ್ನ ಜ್ವರಕ್ಕೆ."

"ಕೇಳಿ ನೋಡು."

"ಅಷ್ಟು ಅವಸರ ಇದ್ರೆ ನೀನೇ ಬಾರೋ!"

"ಬರ್ತೀನಿ," ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು.

ರೈಲು ಅಲುಗಿತು. ಕಿಟಕಿಯ ಸರಳು ಹಿಡಿದುಕೊಂಡು ಒಂದಷ್ಟು ದೂರ ನಡೆದೆ. ಸಾಮಾನು ಹೊರುವವನೊಬ್ಬ, "ಕೈ ಬಿಡಿ ಸ್ವಾಮೀ!" ಎಂದು ಕೂಗಿದ. ಅವಳು ನಗುತ್ತಿದ್ದಳು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಗುತ್ತಿದ್ದಳು. ಬೇಡ ಎಂದವನನ್ನು ಬಿಟ್ಟು ಹೋಗುವಾಗ ಯಾರಾದರೂ ಹಾಗೆ ನಗುತ್ತಾರೆಯೇ? ಯಾವಾಗಲಾದರೂ ಕೇಳಬೇಕು.

ಕೆಲಸಕ್ಕೆ ತಡವಾಯಿತು. ಸೂಪರ್‌ವೈಸರ್ ಹತ್ತಿರ ಏನು ನೆಪ ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅವರ ಮೇಜಿನ ಮುಂದೆ ನಿಂತಾಗ ಒಂದೂ ನೆನಪಾಗಲಿಲ್ಲ. ಹೆಂಡತಿಯನ್ನು ನೋಡಬೇಕು, ಶುಕ್ರವಾರ ರಜೆ ಕೊಡಿ ಎಂದೆ.